ಗಾಡಿದಾರಿಯ ಹೊರೆಗಲ್ಲು

ಬೀರಮ್ಮ ಬಡಾವಣೆಗಳ ನಕ್ಷೆ ಬರೆಯುವ ನಮ್ಮ ಆಫೀಸಿಗೆ ಬಂದದ್ದು ೧೯೫೯ರ ಯುಗಾದಿ ಕಳೆದ ವಾರ. ಅರವತ್ತು ದಾಟಿದ ಹೆಂಗಸು. ಕೆಸರೆ ಕಡೆಯಿಂದ ಹುಲ್ಲಿನ ಹೊರೆ ಹೊತ್ತು ತಂದು ಮಂಡಿ ಮೊಹಲ್ಲಾದ ಜಟಕಾದವರಿಗೆ ಮಾರುತ್ತಿದ್ದರು.

"ನಮ್ಮಕ್ಕನ ಕಲ್ಲು ಎಲ್ಲೋಯ್ತು ಬುದ್ದಿ?" ಎಂದರು.

ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಲಕ್ಷ್ಮೀನರಸಿಂಹ ತಲೆ ಎತ್ತಲಿಲ್ಲ. "ಕಳೆದುಹೋದದ್ದಕ್ಕೆ ಪೊಲೀಸ್ ಸ್ಟೇಷನ್ ಇದೆ ಕಣಮ್ಮ. ಇಲ್ಲಿ ನಾವು ಗೆರೆ ಎಳೆಯೋರು. ಏನ್ರೀ ಮರಿಸ್ವಾಮಿ, ಸಂಜೆ ಕ್ಲಾಸಿನಲ್ಲಿ ಕಲ್ಲು ಹುಡುಕೋದು ಕಲಿಸಿದಾರೇನ್ರೀ?"

ಮರಿಸ್ವಾಮಿ ಅಂದರೆ ನಾನು; ನಕ್ಷೆ ಕೆಲಸ ಕಲಿತದ್ದು ಸಂಜೆ ಕ್ಲಾಸಿನಲ್ಲಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ವರಾಂಡಾಕ್ಕೆ ಹೋಗಿ ಬೀರಮ್ಮನವರನ್ನು ವಿಚಾರಿಸಿದೆ.

ಅವರ ಅಕ್ಕ ಬೆಟ್ಟಮ್ಮ ಎಂಟು ತಿಂಗಳ ಬಸುರಿಯಾಗಿದ್ದಾಗ ಹಳೆಯ ಗಾಡಿದಾರಿಯ ತಿರುವಿನಲ್ಲಿ ಹೊರೆಯ ಸಮೇತ ಕುಸಿದು ಸತ್ತರಂತೆ. "ಇಳಿಸಕ್ಕೆ ಒಂದು ನರಪಿಳ್ಳೆನೂ ಸಿಗಲಿಲ್ಲ ಬುದ್ದಿ." ಅದೇ ಜಾಗದಲ್ಲಿ ಅವರ ತಾಯಿ ಹೊರೆಗಲ್ಲು ನಿಲ್ಲಿಸಿದರು: ಎರಡು ಕಂಬ, ಮೇಲೆ ಎದೆಯೆತ್ತರಕ್ಕೆ ಒಂದು ಚಪ್ಪಡಿ. ದಾರಿಹೋಕರು ಯಾರ ಕೈಯನ್ನೂ ಕಾಯದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿದ ಮೇಲೆ ತಾವೇ ತಲೆಗೇರಿಸಿಕೊಳ್ಳಬಹುದಿತ್ತು. ಬೀರಮ್ಮ ಆರು ವರ್ಷ ಹುಣಸೂರಿನಲ್ಲಿ ಮಗಳ ಮನೆಯಲ್ಲಿದ್ದು ಮರಳಿ ಬರುವಷ್ಟರಲ್ಲಿ ಗಾಡಿದಾರಿಯೇ ಇರಲಿಲ್ಲ. ಬನ್ನಿಮಂಟಪದ ಆಚೆ ಹೊಸ ಬಡಾವಣೆ ಎದ್ದಿತ್ತು.

"ಅಕ್ಕಂದು ಅಂತ ಇದ್ದುದ್ದು ಅದೊಂದೇ. ಫೋಟೋ ಗೀಟೋ ನಮ್ಗೆಲ್ಲಿ?"

ಮಧ್ಯಾಹ್ನ ಬೀರುವಿನಿಂದ ಹಳೆಯ ನಕ್ಷೆ ತೆಗೆದೆ. ಗಾಡಿದಾರಿಯ ತಿರುವಿನ ಮಗ್ಗುಲಲ್ಲೇ ಎರಡು ಚುಕ್ಕೆ, ಅವುಗಳ ನಡುವೆ ಒಂದು ಚಿಕ್ಕ ಗೆರೆ. ಎರಡು ಕಂಬ, ಮೇಲೊಂದು ಚಪ್ಪಡಿ. ಅದು ನನಗೆ ಹೊಸದಲ್ಲ.

೧೯೫೪ರಲ್ಲಿ ಬಡಾವಣೆಗಾಗಿ ಇದೇ ನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಇಳಿಸಿದವನು ನಾನು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಚಿಹ್ನೆಗಳ ಅರ್ಥ ಬರೆದಿದ್ದ ಮೂಲೆಯನ್ನು ಹುಳು ತಿಂದಿತ್ತು. ಆ ಚುಕ್ಕೆಗಳು ಹುಳುವಿನ ಕಲೆಯೋ ಏನೋ ಎಂದು ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ. ಲಕ್ಷ್ಮೀನರಸಿಂಹರ ಮೇಜು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಕೇಳಿದರೆ ಸಂಜೆ ಕ್ಲಾಸಿನ ಮಾತು ಬರುತ್ತದೆಂದು ಹೆದರಿ ಕೇಳಲಿಲ್ಲ. ಪ್ರತಿಯಲ್ಲಿ ಅವನ್ನು ಬರೆಯದೆ ಬಿಟ್ಟುಬಿಟ್ಟೆ. ಪ್ರತಿ ಶುಭ್ರವಾಗಿದೆಯೆಂದು ಅವರು ಬೆನ್ನು ತಟ್ಟಿದ್ದರು.

ಭಾನುವಾರ ಬೆಳಿಗ್ಗೆ ಬೀರಮ್ಮನವರಿಗೂ ಬರಹೇಳಿ, ಟೇಪು ಹಿಡಿದು ಆ ಬಡಾವಣೆಗೆ ಹೋದೆ. ಹಳೆಯ ನಕ್ಷೆಯಲ್ಲಿದ್ದ ಕಲ್ಲುಮೋರಿ ಇನ್ನೂ ಉಳಿದಿತ್ತು. ಅಲ್ಲಿಂದ ಮೂವತ್ತಮೂರು ಅಡಿಯ ಹದಿನಾಲ್ಕು ಚೈನು, ಅಂದರೆ ನಾನೂರ ಅರವತ್ತೆರಡು ಅಡಿ. ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆಯಿಲ್ಲದೆ ಮೂರು ಸಲ ಅಳೆದೆ. ಮೂರು ಸಲವೂ ಟೇಪಿನ ತುದಿ ಒಂದೇ ಮನೆಯ ಗೇಟಿನ ಹತ್ತಿರ ಬಂದು ನಿಂತಿತು. ಬೀರಮ್ಮ ತಲೆಯ ಮೇಲೆ ಹುಲ್ಲಿನ ಹೊರೆಯೊಂದಿಗೆ ನನ್ನ ಹಿಂದೆಯೇ ಓಡಾಡುತ್ತಿದ್ದರು.

ಮನೆಯ ಯಜಮಾನ ಶಿವರುದ್ರಪ್ಪ ಹಲ್ಲುಜ್ಜುತ್ತಾ ಹೊರಗೆ ಬಂದರು. ವಿಷಯ ಹೇಳಿದೆ.

"ಓ, ಅದಾ? ಕಂಬ ಎರಡೂ ಪಾಯಕ್ಕೆ ಹೋದ್ವು ಕಣ್ರೀ. ಚಪ್ಪಡಿ ಇಲ್ಲೇ ಅದೆ, ನೀವು ನಿಂತಿರೋದೇ ಅದರ ಮೇಲೆ."

ನಾನು ಚರಂಡಿಯ ಮೇಲೆ ಹಾಸಿದ್ದ ಕಲ್ಲಿನಿಂದ ಹಾರಿ ಇಳಿದೆ.

"ಮೇಸ್ತ್ರಿಗೆ ಆವತ್ತೇ ಕೇಳ್ದೆ, ಯಾರದೋ ಏನೋ, ತೆಗೀಬೋದಾ ಅಂತ. ಪ್ಲಾನಿನಲ್ಲಿ ಇಲ್ಲ, ತೆಗೀರಿ ಅಂದ. ಇದ್ದಿದ್ರೆ ನಾವ್ಯಾಕೆ ಮುಟ್ತಿದ್ವಿ? ಯಾವ ಪುಣ್ಯಾತ್ಮ ಬರ್ದಿದ್ನೋ!"

ಬೀರಮ್ಮ ಹೊರೆಯನ್ನು ಚಪ್ಪಡಿಯ ಒಂದು ತುದಿಗೆ ಎತ್ತಿ ಹಾಕಿ, ಇನ್ನೊಂದು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತರು. ಸೆರಗಿನಿಂದ ಮಣ್ಣು ಒರೆಸಿ, ಸೊಂಟದ ಚೀಲದಿಂದ ಅರಿಶಿನ ತೆಗೆದು ಹಚ್ಚಿದರು.

"ಬೈಬೇಡಿ ಸ್ವಾಮಿ, ಪಾಪ," ಎಂದರು ಶಿವರುದ್ರಪ್ಪನವರಿಗೆ. "ಬರೆದೋರ್ಗೆ ಗೊತ್ತಾಗ್ದೆ ಇದ್ದಾತು. ಗೊತ್ತಿದ್ರೆ ಬುಡ್ತಿದ್ರಾ?"

ಗೊತ್ತಿರಲಿಲ್ಲ ನಿಜ. ಆದರೆ ಅನುಮಾನವಿತ್ತು. ಕೇಳಲು ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಇದನ್ನು ಹೇಳಬೇಕೆಂದೇ ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಬೀರಮ್ಮ ಎದ್ದು ಸಿಂಬಿಯನ್ನು ತಲೆಗಿಟ್ಟುಕೊಂಡರು. ಹೊರೆಗೆ ಕೈಹಾಕಿದರು. ನೆಲದ ಮಟ್ಟದಿಂದ ಅದು ಅವರ ಮೊಣಕಾಲು ದಾಟಿ ಮೇಲೇಳಲಿಲ್ಲ. ಎರಡು ಸಲ ಯತ್ನಿಸಿ ನನ್ನ ಕಡೆ ತಿರುಗಿದರು.

"ಒಸಿ ಕೈ ಕೊಡಪ್ಪ."

ಎತ್ತಿದೆ. ನಾನು ಅಂದುಕೊಂಡದ್ದಕ್ಕಿಂತ ಬಹಳ ಭಾರವಿತ್ತು. ಅದನ್ನು ಅವರ ತಲೆಯ ಮೇಲಿಟ್ಟು, ತೂಕ ಸರಿಹೋಗುವವರೆಗೆ ಹಿಡಿದುಕೊಂಡಿದ್ದೆ. ಅವರ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಆಗಲೂ ಹೇಳಲಿಲ್ಲ.

"ನೀನಾರ ಹುಡುಕಿ ಕೊಟ್ಟೆ. ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದು ಹೇಳಿ ಅವರು ಮಂಡಿ ಮೊಹಲ್ಲಾದ ಕಡೆಗೆ ಹೊರಟರು. ನಾನು ಟೇಪನ್ನು ಸುತ್ತುತ್ತಾ ಅಲ್ಲೇ ನಿಂತೆ.