ಬೀಜದ ಮಡಕೆಯ ಗುಟ್ಟು

ನಮ್ಮ ತಾಳವಾಡಿ ಕಡೆ ಮಗುವಿಗೆ ಕಿವಿ ಚುಚ್ಚಿಸಿದರೂ ಫ್ಲೆಕ್ಸು ಕಟ್ಟುತ್ತಾರೆ. ಹಾಗಿರುವಾಗ ಹನ್ನೆರಡು ಹೆಂಗಸರ ರಾಗಿ ಸಂಘಕ್ಕೆ ಇಮೇಲ್ ವಿಳಾಸ ಬಂದಾಗ ಅಧ್ಯಕ್ಷೆ ಪುಟ್ಟನಂಜಮ್ಮ, ಅಂದರೆ ನಾನು, ಸುಮ್ಮನಿರುತ್ತೇನೆಯೇ? ಬಸ್ ಸ್ಟ್ಯಾಂಡಿನ ಎದುರು ಹತ್ತಡಿ ಫ್ಲೆಕ್ಸು ಕಟ್ಟಿಸಿದೆ. ಮೇಲೆ ನನ್ನ ಫೋಟೋ, ಕೆಳಗೆ ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ವಿಳಾಸ. ಚಿಕ್ಕ ಮಗ ಯೋಗೇಶ ಅದನ್ನೇ ಫೇಸ್‌ಬುಕ್ಕಿಗೂ ಹಾಕಿದ.

ವಿಳಾಸ ಮಾಡಿಕೊಟ್ಟವಳು ಹಿರೀ ಸೊಸೆ ಮಮತ. ಗೆಟ್ಟವಾಡಿಯವಳು, ದಿನಾ ಬಸ್ಸಿನಲ್ಲಿ ತಮಿಳುನಾಡಿನ ಗಡಿ ದಾಟಿ ಚಾಮರಾಜನಗರದಲ್ಲಿ ಓದಿದವಳು.

"ಅತ್ತೆ, ಇದ್ನ ಇಂಗ ಊರ್ಗೆಲ್ಲ ತೋರ್ಸ್ಬಾರ್ದು" ಎಂದಳು.

ನನಗೆ ಮೈಯೆಲ್ಲ ಉರಿಯಿತು. "ಯಾಕಮ್ಮಿ, ನಿನ್ ಫೋಟೋ ಆಕ್ಸಿಲ್ಲ ಅಂತ ಒಟ್ಟೆ ಉರಿಯ?" ಎಂದುಬಿಟ್ಟೆ.

ತಿಂಗಳು ತುಂಬುವುದರೊಳಗೆ ಬೇಡದ ಪತ್ರಗಳು ಶುರುವಾದವು. ನಮಗೆ ಲಾಟರಿ ಹೊಡೆದಿದೆಯಂತೆ, ಬೋಳುತಲೆಗೆ ಎಣ್ಣೆಯಂತೆ. ಯೋಗೇಶ ಮಹಾ ಬುದ್ಧಿವಂತ, "ನಮಗೆ ಇನ್ನು ಕಳಿಸಬೇಡಿ" ಅಂತ ಒಂದೊಂದಕ್ಕೂ ಉತ್ತರ ಬರೆದ. ಮನೆಯಲ್ಲಿ ಜನ ಇದ್ದಾರೆ ಅಂತ ಗೊತ್ತಾದ ಮೇಲೆ ಬಾಗಿಲು ಬಡಿಯುವವರು ಬಿಡುತ್ತಾರೆಯೇ? ದಿನಕ್ಕೆ ಹತ್ತು ಇದ್ದದ್ದು ಇನ್ನೂರಾಯಿತು.

ಆ ವಿಳಾಸಕ್ಕೇ ನಮ್ಮ ಭವಿಷ್ಯವೂ ಬರಬೇಕಿತ್ತು. ಸಾವಯವ ಸರ್ಟಿಫಿಕೇಟಿಗಾಗಿ ಮೂರು ವರ್ಷ ಒಂದು ಹಿಡಿ ಅಂಗಡಿ ಗೊಬ್ಬರ ಮುಟ್ಟಿಸದೆ, ಹಂದಿ, ಆನೆ ನುಗ್ಗದಂತೆ ಕಾದು ರಾಗಿ ಬೆಳೆದಿದ್ದೆವು. ಕೊನೇ ತಪಾಸಣೆಯ ದಿನವನ್ನು ಇಮೇಲಿನಲ್ಲಿ ತಿಳಿಸುತ್ತೇವೆ, ಮೂರು ದಿನದೊಳಗೆ ಒಪ್ಪಿಗೆ ಬರೆಯಿರಿ, ತಪ್ಪಿದರೆ ಮುಂದಿನ ವರ್ಷವೇ ಎಂದಿದ್ದರು ಆಫೀಸಿನವರು.

ಶುಕ್ರವಾರ ಮಧ್ಯಾಹ್ನ ಸಂಘದ ವೆಂಕಟಮ್ಮ ಏದುಸಿರು ಬಿಡುತ್ತಾ ಬಂದಳು. ಪಕ್ಕದೂರಿನ ಸಂಘಕ್ಕೆ ಪತ್ರ ಬುಧವಾರವೇ ಬಂದಿತ್ತಂತೆ. ಹಾಗಾದರೆ ನಮಗೂ ಆ ಶುಕ್ರವಾರವೇ ಕೊನೇ ದಿನ.

ಫೋನು ತೆರೆದರೆ ಎರಡು ಸಾವಿರ ಪತ್ರ.

"ಎಲ್ಲಾನೂ ಅಳಿಸ್ಬುಡ್ತೀನಿ ಕಣವ್ವ, ಆಮೇಲ ಒಸ್ದಾಗಿ ಬತ್ತದ" ಎಂದ ಯೋಗೇಶ.

ಮಮತ ಅವನ ಕೈಯಿಂದ ಫೋನು ಕಿತ್ತುಕೊಂಡಳು. ಈ ಮನೆಗೆ ಬಂದ ಮೇಲೆ ಅವಳು ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಂಡವಳಲ್ಲ. ನನ್ನ ಟ್ರಂಕಿನಿಂದ ಆಫೀಸಿನವರ ಹಳೇ ಕಾಗದ ತೆಗೆಸಿ, ಅದರಲ್ಲಿದ್ದ ಹೆಸರು ಹಿಡಿದು ಹುಡುಕಿದಳು. ಮೂರು ಪತ್ರ ಸಿಕ್ಕವು.

"ಮೊದಲ್ನೇದ ಒತ್ತಮ್ಮಿ" ಎಂದೆ.

"ಬ್ಯಾಡಿ ಅತ್ತೆ. ಎಸ್ರು ಅವ್ರುದೇ, ವಿಳಾಸ ಬ್ಯಾರೆ. ಯಾರೋ ಕಳ್ರು."

ಎರಡನೆಯದೂ ಕಳ್ಳರದೇ. ಮೂರನೆಯದರ ವಿಳಾಸ ಕಾಗದದ ಮೇಲಿದ್ದದ್ದಕ್ಕೆ ಸರಿಹೊಂದಿತು. ತೆರೆದಳು. ಸೋಮವಾರ ತಪಾಸಣೆ. ನಾಲ್ಕೂವರೆಗೆ ನಮ್ಮ ಒಪ್ಪಿಗೆ ಹೋಯಿತು.

ಮರುದಿನ ಅವಳು ಇನ್ನೊಂದು ವಿಳಾಸ ಮಾಡಿದಳು. "ಊರ್ಗೆಲ್ಲ ಕೊಡಾಕ ಅಳೇದು, ಆಫೀಸ್ಗೆ ಮಾತ್ರ ಇದು. ಇದ್ನ ಎಲ್ಲೂ ಬರೀಬ್ಯಾಡಿ. ತಿನ್ನೋ ರಾಗಿ ಬ್ಯಾರೆ, ಬಿತ್ತೋ ರಾಗಿ ಬ್ಯಾರೆ ಇಡಲ್ವ ನೀವು?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಬೀಜದ ರಾಗಿಯನ್ನು ಬೂದಿ ಬೆರೆಸಿ, ಮಡಕೆಯ ಬಾಯಿಗೆ ಸಗಣಿ ಮೆತ್ತಿ ಬಚ್ಚಿಡುವವಳು ನಾನು. ಅದು ಎಲ್ಲಿದೆಯೆಂದು ನಮ್ಮತ್ತೆ ಸಾಯುವ ಮುಂಚೆ ನನಗೊಬ್ಬಳಿಗೇ ತೋರಿಸಿದ್ದು. ಒಡಹುಟ್ಟಿದ ತಂಗಿಗೂ ನಾನು ಹೇಳಿಲ್ಲ. ಅಂಥವಳು ಸಂಘದ ಬೀಜದ ಮಡಕೆಯನ್ನು ಬಸ್ ಸ್ಟ್ಯಾಂಡಿಗೆ ನೇತು ಹಾಕಿದ್ದೆ.

ಸರ್ಟಿಫಿಕೇಟು ಬಂತು. ಫ್ಲೆಕ್ಸು ಕಟ್ಟದೆ ಇರಲಾಗುತ್ತದೆಯೇ? ಈ ಸಲ ನಡುವೆ ಮಮತಳ ಫೋಟೋ, ನಾನು ಮೂಲೆಯಲ್ಲಿ. ಟೀ ಅಂಗಡಿಯ ಮುರುಗೇಶ ಕತ್ತೆತ್ತಿ ನೋಡಿ, "ಇಮೇಲ್ ಎಲ್ಲಕ್ಕಾ?" ಎಂದ.

"ಬೇಕಾದೋರು ನನ್ ಸೊಸೆನ ಕೇಳ್ಲಿ. ಕೊಡ್ಬೇಕು ಅನ್ನುಸ್ದ್ರ ಕೊಡ್ತಾಳ" ಎಂದೆ. ನನ್ನ ಫೋಟೋ ಹತ್ತಡಿ ಇದ್ದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಮನೆಗೆ ಬಂದವಳೇ ಏಣಿ ಹಾಕಿದೆ. "ಅಟ್ಟಕ್ಕ ಬಾ ಕಣಮ್ಮಿ" ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಬಂದಳು. ಹಳೇ ಗೋಣಿಚೀಲಗಳನ್ನು ಸರಿಸಿ ಮಡಕೆ ತೋರಿಸಿದೆ. ಅವಳು ಮಡಕೆಯ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು, ಕಣ್ಣು ತುಂಬಿತ್ತು.

"ಯೋಗೇಶಂಗ ಏಳ್ಬ್ಯಾಡ" ಎಂದೆ.