ನೀಲಮಳ ಟೆಸ್ಟ್ ಟ್ಯೂಬು

ಹದಿನೆಂಟು ಟೆಸ್ಟ್ ಟ್ಯೂಬುಗಳಲ್ಲಿ ಹದಿನೇಳು ನೀಲಿಯಾಗಿಯೇ ಉಳಿದವು. ನೀಲಮಳದು ಮಾತ್ರ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯಂತೆ ಕೆಂಪಾಯಿತು.

೨೦೦೬ರಲ್ಲಿ, ಹೈಸ್ಕೂಲಿನಿಂದ ನಿವೃತ್ತಳಾದ ಮೇಲೆ, ಅಥಣಿಯ ಒಂದು ನರ್ಸಿಂಗ್ ಶಾಲೆಯಲ್ಲಿ ಮೊದಲ ವರ್ಷದವರಿಗೆ ನಾನು ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ಆ ದಿನ ಮೂತ್ರದಲ್ಲಿ ಗ್ಲುಕೋಸ್ ಇದೆಯೇ ಎಂದು ನೋಡುವ ಪಾಠ. ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ತಮ್ಮದೇ ಮೂತ್ರದ ಎಂಟು ಹನಿ ಹಾಕಿ ಕುದಿಸಬೇಕು. ಆರೋಗ್ಯವಾಗಿದ್ದವರದು ನೀಲಿಯೇ ಉಳಿಯುತ್ತದೆ.

"ಯಾರೋ ಏನೋ ಹಾಕ್ಯಾರ್ರಿ ಅಕ್ಕೋರ," ಎಂದಳು ನೀಲಮ.

ನನಗೂ ಹಾಗೆಯೇ ಅನ್ನಿಸಿತು. ಪಕ್ಕದಲ್ಲಿ ನಿಂತ ಸೀಮಾಳ ಕಡೆ ನೋಡಿದೆ. ಉಗಾರದ ಸಕ್ಕರೆ ಕಾರ್ಖಾನೆಯ ನೌಕರನ ಮಗಳು, ಕೀಟಲೆಗೆ ಹೆಸರಾದವಳು. ಹಿಂದಿನ ವಾರ ಲಿಟ್ಮಸ್ ಕಾಗದಕ್ಕೆ ಹುಣಸೆ ರಸ ಸವರಿ ಎಲ್ಲರನ್ನೂ ಮಂಗ ಮಾಡಿದ್ದಳು.

"ನಿಂದ ಕೆಲಸ ಏನ ಇದು?"

"ಹೌದ್ರಿ. ನಾನ ಹಾಕೇನ್ರಿ."

ಅಷ್ಟು ಬೇಗ ಒಪ್ಪಿದ್ದು ನನಗೆ ಸರಿಬರಲಿಲ್ಲ. ಹುಣಸೆ ರಸದ ವಿಷಯದಲ್ಲಿ ಎರಡು ದಿನ ಆಣೆ ಮಾಡಿ ವಾದಿಸಿದ್ದ ಹುಡುಗಿ ಇವಳು.

"ಏನ ಹಾಕಿದಿ?"

"ಚಾಕ್ಕ ಹಾಕೂ ಸಕ್ರಿರಿ."

ಹಿಂದಿನ ಸಾಲಿನಿಂದ ಶುಭಾಂಗಿ, "ನಿಮ್ಮಪ್ಪನ ಫ್ಯಾಕ್ಟರಿ ಇಲ್ಲೂ ಸುರು ಮಾಡಿದೇನ ಬೇ?" ಎಂದಳು. ತರಗತಿಯೆಲ್ಲ ನಕ್ಕಿತು. ನೀಲಮ, ಸೀಮಾ ಇಬ್ಬರೂ ನಗಲಿಲ್ಲ.

ಊಟದ ಬಿಡುವಿಗೆ ಉಳಿದವರನ್ನು ಕಳಿಸಿ ಇಬ್ಬರನ್ನೂ ನಿಲ್ಲಿಸಿಕೊಂಡೆ. ನೀಲಮ ತನ್ನ ಬಾಟಲಿಯ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದಳು. ಕೇಳುವ ಮೊದಲೇ ಸೀಮಾ ತನ್ನ ಬಾಟಲಿ ಅವಳತ್ತ ಸರಿಸಿದಳು. ನೀಲಮಳ ಸಮವಸ್ತ್ರ ಎರಡು ಕಡೆ ಪಿನ್ನು ಹಾಕಿ ಬಿಗಿ ಮಾಡಿದ್ದು ಆಗ ನನ್ನ ಕಣ್ಣಿಗೆ ಬಿತ್ತು. ಬೆನ್ನ ಹಿಂದಿನ ಆ ಪಿನ್ನುಗಳನ್ನು ಅವಳೇ ಹಾಕಿಕೊಂಡಿರಲು ಸಾಧ್ಯವಿರಲಿಲ್ಲ. ಇಬ್ಬರೂ ಕೂಡಿ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಸಂಶಯ ಗಟ್ಟಿಯಾಯಿತು.

ಆಫೀಸಿನ ಚಹಾ ಡಬ್ಬಿಯಿಂದ ಒಂದು ಚಮಚ ಸಕ್ಕರೆ ತಂದೆ. ಸೀಮಾಳ ಮೂತ್ರಕ್ಕೇ ಅದನ್ನು ಬೆರೆಸಿ, ಹೊಸ ದ್ರಾವಣಕ್ಕೆ ಎಂಟು ಹನಿ ಹಾಕಿ, ಸ್ಪಿರಿಟ್ ದೀಪದ ಮೇಲೆ ಹಿಡಿದೆ. ದ್ರಾವಣ ಕುದಿಯಿತು. ಮತ್ತೆ ಕುದಿಯಿತು. ನೀಲಿ ನೀಲಿಯೇ ಉಳಿಯಿತು.

"ಚಾದ ಸಕ್ರಿ ಇದನ್ನ ಕೆಂಪ ಮಾಡೂದಿಲ್ಲವ್ವಾ," ಎಂದೆ. "ಗ್ಲುಕೋಸ್‌ನಂಥಾದ್ದು ಬೇಕ. ಅದನ್ನ ಮುಂದಿನ ಪಾಠದಾಗ ಹೇಳಾಕಿದ್ದೆ."

ಸೀಮಾ ಒಂದು ಕ್ಷಣ ಯೋಚಿಸಿದಳು. "ಹಂಗಾರ ಬೆಲ್ಲ ಹಾಕಿದ್ನಿರಿ."

"ಮೊದಲ ಬೆಲ್ಲ ಅಂದಿದ್ರ ನಂಬತಿದ್ನೇನೋ. ಬೆಲ್ಲಕ್ಕ ಕೆಂಪ ಆಗತೈತಿ."

"ಆಕಿಗಿ ಬೈಬ್ಯಾಡ್ರಿ ಅಕ್ಕೋರ," ಎಂದಳು ನೀಲಮ. ಕೂತಲ್ಲಿಯೇ ಅಳತೊಡಗಿದಳು. "ಅದು ನಂದ ಐತ್ರಿ. ತಿಂಗಳಾತ್ರಿ, ಎಷ್ಟ ಕುಡದ್ರೂ ನೀರಡಿಕಿ ಹೋಗವಲ್ದು. ಗೊತ್ತಾದ್ರ ಸೀಟ ತಗೀತಾರ್ರಿ. ಕಬ್ಬ ಕಡಿಯೂ ನಮ್ಮ ಮನ್ಯಾಗ ಕಾಲೇಜ ಮೆಟ್ಟಲಾ ಹತ್ತಿದಾಕಿ ನಾ ಒಬ್ಬಾಕಿನ ರಿ."

"ಸೀಟ ಉಳಸಾಕ ನೀ ಮೊದಲ ಉಳೀಬೇಕಲ್ಲಬೇ? ನಡಿ."

ಎರಡು ಗಂಟೆಯ ಬಸ್ಸಿಗೆ ಮಿರಜಕ್ಕೆ ಹೊರಟೆವು. ಸೀಮಾಳನ್ನು ಯಾರೂ ಕರೆದಿರಲಿಲ್ಲ. ನಾವು ಹತ್ತುವಷ್ಟರಲ್ಲಿ ಪಕ್ಕದ ಸೀಟುಗಳಿಗೆ ಕರವಸ್ತ್ರ ಹಾಕಿ ಕಿಟಕಿಯ ಬಳಿ ಕೂತಿದ್ದಳು. ಕಾಗವಾಡ ದಾಟುವವರೆಗೆ ನೀಲಮ ಅವಳ ಭುಜಕ್ಕೊರಗಿ ನಿದ್ದೆ ಮಾಡಿದಳು.

ದವಾಖಾನೆಯಲ್ಲಿ ರಕ್ತ ನೋಡಿದ ಡಾಕ್ಟರರು ನನ್ನತ್ತ ತಿರುಗಿ, "ಇನ್ನ ಎಂಟ ದಿವಸ ತಡಾ ಮಾಡಿದ್ರ ಎಚ್ಚರ ತಪ್ಪತಿತ್ತು," ಎಂದರು. ನಾಲ್ಕು ದಿನ ಅಲ್ಲಿಯೇ ಇಟ್ಟುಕೊಂಡರು. ದಿನವೂ ಇನ್ಸುಲಿನ್ ತೆಗೆದುಕೊಂಡರೆ ಓದಿಗೆ ಅಡ್ಡಿಯಿಲ್ಲವೆಂದು ನಮ್ಮ ಪ್ರಾಚಾರ್ಯರಿಗೆ ಪತ್ರವನ್ನೂ ಬರೆದುಕೊಟ್ಟರು.

ಬಿಡುಗಡೆಯ ದಿನ ಸೂಜಿ ಚುಚ್ಚುವುದನ್ನು ನರ್ಸಬಾಯಿ ತೋರಿಸುತ್ತಿದ್ದಾಗ ಸೀಮಾ ಮುಂದೆ ಬಂದಳು. "ನನಗ ಕೊಡ್ರಿ, ನಾ ದಿನಾ ಮಾಡತೇನಿ."

"ನಿನ್ನ ಕೈಯಾಗ ಸೂಜಿ?" ನೀಲಮ ಹೊಟ್ಟೆ ಮುಚ್ಚಿಕೊಂಡಳು. "ಬ್ಯಾಡ ಬೇ! ಸರಿ ಆ ಕಡೆ."

ಎಂದವಳೇ ನರ್ಸಬಾಯಿಯ ಕೈಯಿಂದ ಸಿರಿಂಜು ತೆಗೆದುಕೊಂಡು, ಕಣ್ಣು ಮುಚ್ಚದೆ, ತಾನೇ ಚುಚ್ಚಿಕೊಂಡಳು.