ಬೆಣೆ ಇಡುವವಳ ಕಿವಿ

ಉಪ್ಪಿನಬೆಟಗೇರಿಯ ದ್ಯಾಮಣ್ಣ ಮತ್ತು ಅವನ ಹೆಂಡತಿ ಸಂಗವ್ವ ಮಾತಾಡಿದರೆ ಓಣಿಯ ಆ ತುದಿಯವರೆಗೆ ಕೇಳುತ್ತದೆ. ಊರಿಗೆ ಹೊಸಬರಾದವರು ಜಗಳವೆಂದು ತಿಳಿದು ಬಿಡಿಸಲು ಓಡಿಬರಬೇಕು, ಅಷ್ಟು ಜೋರು. ಜಗಳವೇನೂ ಇಲ್ಲ. ಉಪ್ಪು ಎಲ್ಲಿದೆ ಎಂದು ಅವನು ಕೇಳಿರುತ್ತಾನೆ, ಕಣ್ಣ ಮುಂದೇ ಇದೆಯಲ್ಲ ಎಂದು ಅವಳು ಹೇಳಿರುತ್ತಾಳೆ, ಅಷ್ಟೆ. ಇಂಥ ಮನೆ ನಿಮ್ಮ ಓಣಿಯಲ್ಲೂ ಒಂದು ಇದ್ದೀತು, ನೋಡಿ.

ಒದರಿ ಒದರಿ ಸಂಗವ್ವನಿಗೆ ಸಾಕುಸಾಕಾಗಿತ್ತು. ಗಂಡನ ಕಿವಿ ಮಂದವಾಗಿದೆ ಎಂಬುದು ಅವಳ ದೂರು. ಆಗದೆ ಏನು? ಅವನ ಕಸುಬೇ ಅಂಥದ್ದು. ಗಾಳಿಮಳೆಗೆ ಬಿದ್ದ ಮರ, ಒಲೆಗೆ ಹೋಗಬೇಕಾದ ದಿಮ್ಮಿ, ಅದು ಎಲ್ಲಿ ಬಿದ್ದಿದೆಯೋ ಅಲ್ಲಿಗೇ ಹೋಗಿ ಹಲಗೆ ಕೊಯ್ದು ಕೊಡುತ್ತಾನೆ. ದಿಮ್ಮಿಯ ಮೇಲೆ ಕಬ್ಬಿಣದ ಏಣಿ ಹಾಸುವುದು, ಚೌಕಟ್ಟಿಗೆ ಬಿಗಿದ ಚೈನ್ ಗರಗಸವನ್ನು ಅದರ ಮೇಲೆ ದೂಡುತ್ತ ಹೋಗುವುದು. ಕೊಯ್ದ ಸೀಳು ಮತ್ತೆ ಕೂಡಿಕೊಂಡು ಗರಗಸ ಸಿಕ್ಕಿಬೀಳಬಾರದಲ್ಲ, ಅದಕ್ಕೆ ಹಿಂದಿನಿಂದ ಕಟ್ಟಿಗೆಯ ಬೆಣೆ ಇಡುತ್ತ ಬರಬೇಕು. ಆ ಕೆಲಸ ಸಂಗವ್ವನದು. ಆರು ವರ್ಷದಿಂದ ಮಷೀನಿನ ಪಕ್ಕದಲ್ಲೇ, ಮಾರು ದೂರವೂ ಇಲ್ಲದ ಜಾಗದಲ್ಲಿ ನಿಂತು ಬೆಣೆ ಇಡುತ್ತಿದ್ದಾಳೆ.

ಇತ್ತೀಚೆಗೆ ಅವಳಿಗೆ ವಿಪರೀತ ದಣಿವು. ಮೈಯ ದಣಿವಾದರೆ ಉಂಡು ಮಲಗಿದರೆ ಹೋಗುತ್ತದೆ. ಇದು ತಲೆಯ ದಣಿವು. ನಾಲ್ಕು ಜನ ಕೂಡಿ ಮಾತಾಡುವ ಕಡೆ ಹೋಗಿ ಕೂತರೆ ಸಾಕು, ಎದ್ದು ಹೋಗೋಣ ಅನ್ನಿಸುತ್ತದೆ. ಮಷೀನು ನಿಂತರೂ ಕಿವಿಯೊಳಗೆ ಗುಂಯ್ ಎನ್ನುವುದು ನಿಲ್ಲುವುದಿಲ್ಲ. ನಿಶ್ಶಕ್ತಿ ಎಂದುಕೊಂಡಳು. ನವಲಗುಂದಕ್ಕೆ ಕೊಟ್ಟ ಮಗಳು ಆರತಿ ಈಗ ಆರು ತಿಂಗಳ ಬಸುರಿ, ದಿನಾ ಫೋನು ಮಾಡುತ್ತಾಳೆ. ಸಂಗವ್ವ ಹೂಂ, ಹೂಂ ಎನ್ನುತ್ತಾಳೆ. ಹೋದ ವಾರ ಆರತಿ ತಡೆಯಲಾರದೆ, ನಾನು ಈಗ ಹೇಳಿದ್ದೇನು ಹೇಳು ನೋಡೋಣ ಎಂದು ಕೇಳಿದಳು. ಸಂಗವ್ವ ಅದಕ್ಕೂ ಹೂಂ ಎಂದಳು. ಆರತಿ ಅಳುತ್ತ ಫೋನು ಇಟ್ಟಳು. ಎರಡು ದಿನ ಸಂಗವ್ವನಿಗೆ ಊಟ ಸೇರಲಿಲ್ಲ. ಆ ದರಿದ್ರ ಫೋನೇ ಸರಿಯಿಲ್ಲ ಎಂದು ಅದನ್ನೇ ಬೈದುಕೊಂಡಳು.

ಹೀಗಿರುವಾಗ ಸಪ್ತಾಪುರದಿಂದ ಕೆಲಸ ಬಂತು. ಸಾಲಿಯಲ್ಲಿ ಕಲಿಸಿ ನಿವೃತ್ತರಾದ ಗೋದಾಬಾಯಿಯವರ ಹಿತ್ತಲಲ್ಲಿ ದೊಡ್ಡ ಹಲಸಿನ ಮರ ಗಾಳಿಗೆ ಬಿದ್ದಿತ್ತು. ಅರಣ್ಯ ಇಲಾಖೆಯ ಒಪ್ಪಿಗೆ ಕಾಗದವೂ ಆಗಿತ್ತು. ಬೆಳಿಗ್ಗೆಯಿಂದ ಮೂರು ಹಲಗೆ ಇಳಿದವು, ಅರಿಶಿನದ ಬಣ್ಣದವು, ನೋಡಿದರೆ ಕೈಯಾಡಿಸಬೇಕು ಅನ್ನಿಸುವಂಥವು. ಸಂಗವ್ವನಿಗೆ ನೋಡುವಷ್ಟೂ ತ್ರಾಣ ಇರಲಿಲ್ಲ. ಮಷೀನು ಬಂದ್ ಆದದ್ದೇ ತಡ, ಮೈಮೇಲಿನ ಹೊಟ್ಟು ಝಾಡಿಸಿಕೊಂಡು ಪಡಸಾಲೆಯ ಕಟ್ಟೆಗೆ ಬಂದು ಕುಸಿದು ಕೂತಳು.

ಚಹಾ ತಂದವಳು ಗೋದಾಬಾಯಿಯವರ ಸೊಸೆ ಮಾನಸಿ. ಸತ್ತೂರಿನ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ ಅವಳದು. ಅದು ತಿಳಿದದ್ದೇ ಸಂಗವ್ವ ಗಂಡನ ಪುರಾಣ ಬಿಚ್ಚಿದಳು. ಎಷ್ಟು ಒದರಿದರೂ ಕೇಳುವುದಿಲ್ಲ, ನೀವಾದರೂ ಬುದ್ಧಿ ಹೇಳಿ ಎಂದಳು.

ಮಾನಸಿ ದ್ಯಾಮಣ್ಣನನ್ನು ಕೇಳಿದಳು, ಕಿವಿಗೆ ಏನು ಹಾಕಿಕೊಳ್ಳುತ್ತೀರಿ ಎಂದು. ದ್ಯಾಮಣ್ಣ ಕಿವಿಯಿಂದ ಅರಳೆ ತೆಗೆದು ತೋರಿಸಿದ. ಇದು ಗಾಳಿ ತಡೆದೀತು, ಈ ಸಪ್ಪಳ ತಡೆಯುವುದಿಲ್ಲ ಎಂದಳು ಅವಳು. ಎರಡೂ ಕಿವಿ ಮುಚ್ಚುವ ಕಿವಿಗವಸು ಬೇಕು, ಹೆಡ್‌ಫೋನಿನ ಹಾಗೆ ಇರುತ್ತದಲ್ಲ, ಅಂಥದ್ದು. ಮಷೀನಿನ ಜೊತೆಗೆ ಬಂದಿರಬೇಕಲ್ಲ?

ಬಂದಿತ್ತು. ಅವರು ಬಂದಿದ್ದ ಮೂರು ಗಾಲಿಯ ಟಂಟಂ ಗಾಡಿಯ ಪೆಟ್ಟಿಗೆಯಲ್ಲಿ ಬಿದ್ದಿತ್ತು.

"ಅದನ್ನ ಹಾಕ್ಕೊಂಡ್ರ ಕೆಲಸ ಕೆಡ್ತೈತ್ರಿ," ಎಂದ ದ್ಯಾಮಣ್ಣ. "ಚೈನ್ ಬಿಗಿ ಆತೋ, ಕಟ್ಟಿಗ್ಯಾಗಿನ ಮೊಳಿಗೆ ಬಡೀತೋ, ಎಲ್ಲಾ ನಾ ದನಿ ಮ್ಯಾಲೆ ತಿಳ್ಕೋತೇನಿ. ಕಿವಿ ಮುಚ್ಚಿಕೊಂಡು ಕೊಯ್ಯೂದಂದ್ರ ಹೆಂಗ್ರಿ?"

ಅವನ ಮಾತಿನಲ್ಲಿ ಅರ್ಥವಿತ್ತು, ಮಾನಸಿ ನಗಲಿಲ್ಲ. ಕಿವಿಗವಸು ಸಪ್ಪಳವನ್ನು ಪೂರ್ತಿ ಅಳಿಸುವುದಿಲ್ಲ, ತಗ್ಗಿಸುತ್ತದೆ, ಇಂಜಿನ್ನಿನ ದನಿ ಬದಲಾದರೆ ಆಗಲೂ ತಿಳಿಯುತ್ತದೆ ಎಂದಳು. ದ್ಯಾಮಣ್ಣ ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ. ಹಾಗಾದರೆ ಒಂದು ಸಣ್ಣ ಪರೀಕ್ಷೆ ಮಾಡೋಣ ಎಂದು ಅವಳು ಅವನನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂಡಿಸಿದಳು. ಕೈ ಚಾಚಿದಷ್ಟು ದೂರದಲ್ಲಿ ಅವನ ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ ಮೂರು ಅಂಕಿ ಹೇಳಿದಳು. ಒಂದು ಸರಿ, ಎರಡು ತಪ್ಪು ಎಂದು ಆಮೇಲೆ ಗಟ್ಟಿಯಾಗಿ ಹೇಳಿದಳು. ನೋಡಿದಿರಾ, ನಾನು ಹೇಳಲಿಲ್ಲವೇ ಎಂದು ಸಂಗವ್ವ ಪಕ್ಕದಲ್ಲಿ ನಿಂತಿದ್ದ ಗೋದಾಬಾಯಿಯವರ ಕಡೆ ತಿರುಗಿದಳು. ತನ್ನ ಮಾತು ಗೆದ್ದಿತಲ್ಲ ಎಂದು ಒಂದಿಷ್ಟು ಹುರುಪೂ ಬಂದಿತ್ತು.

"ಈಗ ನೀವು ಕೂಡ್ರಿ," ಎಂದಳು ಮಾನಸಿ.

"ನಂದ್ಯಾಕ್ರಿ ಅಕ್ಕಾರ? ನಾ ಏನ್ ಮಷೀನ್ ಹಿಡೀತೇನೇನು?"

ಆದರೂ ಕೂತಳು. ಕೂತದ್ದು ಹಾಯೆನಿಸಿತು. ಮಾನಸಿ ಯಾವಾಗ ಶುರು ಮಾಡುತ್ತಾಳೋ ಎಂದು ಕಾದಳು. ಗೋಡೆಯ ಗಡಿಯಾರ ನೋಡಿದಳು, ನೆಲದ ಮೇಲಿನ ರಂಗೋಲಿ ನೋಡಿದಳು. ಏನೂ ಶುರುವಾಗಲಿಲ್ಲ. ಎದುರಿಗೆ ನಿಂತ ಗಂಡನ ಮುಖ ಯಾಕೋ ಸಪ್ಪಗಾಗಿತ್ತು. ಗೋದಾಬಾಯಿ ತಲೆ ತಗ್ಗಿಸಿದ್ದರು.

"ಶುರು ಮಾಡ್ರಲಾ," ಎಂದಳು ಸಂಗವ್ವ.

ಮಾನಸಿ ಮುಂದೆ ಬಂದು ಅವಳ ಕೈ ಹಿಡಿದಳು. "ಮೂರು ಸಲ ಹೇಳಿದೆ, ಸಂಗವ್ವಾ."

ಸಂಗವ್ವ ಹೊರಳಿ ಕುರ್ಚಿಯ ಹಿಂದೆ ನೋಡಿದಳು. ಮಾನಸಿ ನಿಧಾನವಾಗಿ, ಮುಖಕ್ಕೆ ಮುಖ ಕೊಟ್ಟು ಹೇಳಿದಳು. ಇಂಥ ಸಪ್ಪಳಕ್ಕೆ ಮಷೀನು ಹಿಡಿದವರು ಯಾರು, ಪಕ್ಕದಲ್ಲಿ ನಿಂತವರು ಯಾರು ಎಂಬ ಭೇದವಿಲ್ಲ. ಮೊದಲು ಸಣ್ಣ ದನಿ, ಮೆಲುಮಾತು ಹೋಗುತ್ತವೆ, ದೊಡ್ಡ ಸಪ್ಪಳ ಕೇಳುತ್ತಲೇ ಇರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ. ಆ ಗುಂಯ್ ಎನ್ನುವುದೂ ಅದರದೇ ಸೂಚನೆ. ಅರ್ಧ ಕೇಳಿದ ಮಾತನ್ನು ಇಡೀ ದಿನ ಜೋಡಿಸಿಕೊಳ್ಳುತ್ತ ಕೂತರೆ ತಲೆ ದಣಿಯದೆ ಇನ್ನೇನಾದೀತು?

"ಔಷಧಾ ಇಲ್ಲೇನ್ರಿ?" ಎಂದು ಸಂಗವ್ವ ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. "ಹೋದ ವಾರ ನನ್ನ ಮಗಳು ಏನ್ ಹೇಳಿದ್ಲೋ ಏನೋ. ಖಬರ ಇಲ್ಲ ನನಗ."

"ಸಪ್ಪಳಕ್ಕ ಹೋದದ್ದು ಹೊಳ್ಳಿ ಬರೂದಿಲ್ಲ. ಉಳದದ್ದು ಉಳಿಸ್ಕೋಬಹುದು. ನಾಳೆ ಇಬ್ರೂ ಸತ್ತೂರಿಗೆ ಬರ್ರಿ, ಡಾಕ್ಟರು ನೋಡ್ತಾರ. ಬೇಕಾದ್ರ ಕಿವಿಗೆ ಹಾಕ್ಕೊಳ್ಳೂ ಕೇಳೂ ಮಷೀನ್ ಸಿಗ್ತದ."

ದ್ಯಾಮಣ್ಣ ಗಾಡಿಯ ಕಡೆ ಹೋದ. ಪೆಟ್ಟಿಗೆಯಿಂದ ಕಿವಿಗವಸು ತೆಗೆದು, ಧೂಳು ಒರೆಸಿ ತಂದ. ಇನ್ನು ಎರಡು ಹಲಗೆ ಬಾಕಿ ಇದ್ದವು, ಹೊತ್ತೂ ಇತ್ತು. ಸಂಗವ್ವ ದಣಿದ ಮೈಯನ್ನು ಎತ್ತಿಕೊಂಡು ಏಳಲು ಹೋದಳು. ಅವನು ಬೇಡವೆಂದು ಕೈ ಮಾಡಿ ಗೋದಾಬಾಯಿಯವರ ಕಡೆ ತಿರುಗಿದ.

"ಬಾಯಾರ, ತಪ್ಪು ತಿಳೀಬ್ಯಾಡ್ರಿ. ಒಂದ ಐತಿ, ಕಿವಿ ಇಬ್ಬರವು. ಇನ್ನೊಂದು ತರೂತನಕಾ ನಾ ಮಷೀನ್ ಚಾಲೂ ಮಾಡೂದಿಲ್ಲ."

ಕಟ್ಟಿಗೆ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದರು ಗೋದಾಬಾಯಿ. ಇಬ್ಬರೂ ಸತ್ತೂರಿಗೆ ಹೋಗಿಬಂದ ಮೇಲೆ, ಉಳಿದ ಎರಡು ಹಲಗೆ ಮುಂದಿನ ವಾರ ಇಳಿದವು. ಇಬ್ಬರ ತಲೆಯ ಮೇಲೂ ಕಿವಿಗವಸು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು. ಸಂಗವ್ವ ಕೈ ಎತ್ತಿದರೆ ಮಷೀನು ನಿಲ್ಲಬೇಕು ಎಂದು ಮಾತಾಗಿತ್ತು, ನಿಂತಿತು ಕೂಡ.

ಅಣ್ಣಗಳಿರಾ, ಅಕ್ಕಗಳಿರಾ, ಮರ ಕೊಯ್ಯುವವರಷ್ಟೇ ಅಲ್ಲ, ಗಿರಣಿಯವರು, ಕಲ್ಲು ಒಡೆಯುವವರು, ಕಾಳು ಒಕ್ಕುವ ರಾಶಿ ಮಷೀನಿನವರು ಎಲ್ಲರೂ ಕೇಳಿ. ಪಕ್ಕದಲ್ಲಿ ನಿಂತವರಿಗೆ ಒದರಿ ಹೇಳಬೇಕಾಯಿತು ಎಂದರೆ ಆ ಸಪ್ಪಳ ನಿಮ್ಮ ಕಿವಿ ತಿನ್ನುತ್ತಿದೆ. ಅರಳೆ ನಂಬಬೇಡಿ. ಕಿವಿಗವಸು ಮಷೀನಿಗೆ ಒಂದಲ್ಲ, ಮನುಷ್ಯನಿಗೆ ಒಂದು. ಬೆಣೆ ಇಡುವವಳನ್ನು, ಚೀಲ ಹಿಡಿಯುವವಳನ್ನು, ಬುಟ್ಟಿ ಎತ್ತುವವಳನ್ನು ನಿನಗೆ ಕೇಳುತ್ತದೆಯೇ ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಇವತ್ತು ನೀವು ಮನೆಗೆ ಹೋದಮೇಲೆ ಅವಳ ಬೆನ್ನ ಹಿಂದೆ ನಿಂತು, ಮೆಲ್ಲಗೆ, ಅವಳ ಹೆಸರು ಹಿಡಿದು ಕರೆಯಿರಿ. ಅವಳು ತಿರುಗಿ ನೋಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.